ಎಡೆ ಇಡಬೇಕೋ, ಬೇಡವೋ?

ಚಿತ್ರದುರ್ಗದ ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರ ದೊಡ್ಡ ಮಗ ಲಾರಿ ಕ್ಲೀನರ್ ಆಗಿದ್ದ. ಇಪ್ಪತ್ತು ವರ್ಷಕ್ಕೂ ಹಿಂದೆ ಪುಣೆ ಕಡೆ ಲೋಡ್ ತಗೊಂಡು ಹೋದ. ಲಾರಿ ವಾಪಸ್ ಬಂತು, ಅವನು ಬರಲಿಲ್ಲ. ದಾರಿಯಲ್ಲಿ ಇಳಿದು ಹೋದ ಅಂತ ಡ್ರೈವರ್ ಹೇಳಿದ. ಆಮೇಲೆ ಒಂದು ಸುದ್ದಿಯೂ ಇಲ್ಲ. ಪ್ರತಿ ವರ್ಷ ಹಿರಿಯರ ಹಬ್ಬ ಹತ್ತಿರ ಬಂದಾಗ ಆ ಮನೆಯಲ್ಲಿ ಒಂದೇ ಮಾತು ಏಳುತ್ತದೆ. ಅವನ ಹೆಸರಿನಲ್ಲಿ ಎಡೆ ಇಡಬೇಕೋ, ಬೇಡವೋ? ಇಟ್ಟರೆ ಹೆತ್ತ ತಾಯಿಯೇ ಮಗ ಸತ್ತ ಅಂತ ಒಪ್ಪಿಕೊಂಡ ಹಾಗೆ. ಇಡದಿದ್ದರೆ, ಅವನು ನಿಜವಾಗಿ ಹೋಗಿಬಿಟ್ಟಿದ್ದರೆ, ಹಸಿದ ಜೀವವನ್ನು ಹೊಸ್ತಿಲ ಹೊರಗೆ ನಿಲ್ಲಿಸಿದ ಹಾಗೆ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಬೇರೆ ಬೇರೆ ದೇಶಗಳ ಕಲಾವಿದರು ಕಾಣೆಯಾದವರಿಗಾಗಿ ಏನು ಮಾಡಿದರು ಅಂತ ಓದುತ್ತಾ ಹೋದಾಗ ನನಗೆ ಮತ್ತೆ ಮತ್ತೆ ಈ ಅಜ್ಜಿಯ ಮನೆಯೇ ಕಣ್ಣ ಮುಂದೆ ಬರುತ್ತಿತ್ತು. ಆ ಮಗನ ಕಥೆಯಲ್ಲಿ ಪೊಲೀಸರಿಲ್ಲ, ಮಿಲಿಟರಿ ಇಲ್ಲ. ಆದರೆ ಇದೇ ಪ್ರಶ್ನೆಯನ್ನು ಬೇಕಂತಲೇ, ಯೋಚನೆ ಮಾಡಿ, ಸಾವಿರಾರು ಮನೆಗಳ ಒಳಗೆ ತಂದು ಹಾಕಿದ ಸರ್ಕಾರಗಳಿವೆ. ಅದಕ್ಕೆ ಬಲವಂತದ ನಾಪತ್ತೆ ಅಂತ ಹೆಸರು. ಅದು ಏನು, ಚಿಂತಕರು ಅದನ್ನು ಹೇಗೆ ಅರ್ಥ ಮಾಡಿಕೊಂಡರು, ಅದರ ಎದುರು ಕಲೆಗೆ ಏನು ಮಾಡಲು ಸಾಧ್ಯ ಅನ್ನುವುದನ್ನು ನನಗೆ ತಿಳಿದಷ್ಟು ಬಿಡಿಸಿ ಹೇಳುತ್ತೇನೆ.

ಮೊದಲು ಪದ. ಪೇಪರಿನ ಒಳಪುಟದಲ್ಲಿ 'ಕಾಣೆಯಾಗಿದ್ದಾರೆ' ಅಂತ ಸಣ್ಣ ಫೋಟೋ ಬರುತ್ತದೆ. ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು, ಮನೆ ಬಿಟ್ಟಾಗ ನೀಲಿ ಅಂಗಿ ತೊಟ್ಟಿದ್ದರು, ಕನ್ನಡ ಮಾತನಾಡುತ್ತಾರೆ. ಸುಳಿವು ಸಿಕ್ಕವರು ಠಾಣೆಗೆ ತಿಳಿಸಬೇಕು. ಹಳೆಯ ಮಾತಿನಲ್ಲಿ 'ನಾ ಕಾಣೆ' ಅಂದರೆ ನನಗೆ ಕಾಣುತ್ತಿಲ್ಲ ಅಂತ. ಹಾಗಾಗಿ 'ಕಾಣೆ' ಅನ್ನುವಾಗ ನನಗೆ ಹುಡುಕುವವರ ದನಿಯೇ ಕೇಳಿಸುತ್ತದೆ. ಈಗ ಇದನ್ನು ತಿರುಗಿಸಿ ನೋಡಿ. ಆ ಪ್ರಕಟಣೆ ಹೊರಡಿಸಬೇಕಾದವರೇ ಆ ಮನುಷ್ಯನನ್ನು ಎತ್ತಿಕೊಂಡು ಹೋಗಿದ್ದರೆ? ಕಾಣೆಯಾದ ಅನ್ನುವುದು ಒಂದು. ಕಾಣೆ ಮಾಡಿದರು ಅನ್ನುವುದು ಇನ್ನೊಂದು.

ವಿಶ್ವಸಂಸ್ಥೆ 2006ರ ಡಿಸೆಂಬರ್‌ನಲ್ಲಿ ಇದರ ಬಗ್ಗೆ ಒಂದು ಒಪ್ಪಂದ ಅಂಗೀಕರಿಸಿತು. 2010ರ ಡಿಸೆಂಬರ್‌ನಲ್ಲಿ ಅದು ಜಾರಿಗೆ ಬಂತು. ಅದರ ಪ್ರಕಾರ ಬಲವಂತದ ನಾಪತ್ತೆಯಲ್ಲಿ ಮೂರು ಅಂಶ ಸೇರಿರುತ್ತವೆ. ಒಬ್ಬ ಮನುಷ್ಯನನ್ನು ಹಿಡಿದು ಒಯ್ಯುತ್ತಾರೆ. ಹಿಡಿದವರು ಸರ್ಕಾರದ ಕಡೆಯವರು, ಇಲ್ಲವೇ ಸರ್ಕಾರದ ಒಪ್ಪಿಗೆ, ಬೆಂಬಲ ಇದ್ದವರು. ಆಮೇಲೆ, ಹಿಡಿದೇ ಇಲ್ಲ ಅನ್ನುತ್ತಾರೆ, ಅಥವಾ ಎಲ್ಲಿದ್ದಾನೆ ಅನ್ನುವುದನ್ನು ಮುಚ್ಚಿಡುತ್ತಾರೆ. ವಿಷ ಇರುವುದು ಈ ಮೂರನೆಯದರಲ್ಲಿ. ಹಿಡಿದೇ ಇಲ್ಲದವನಿಗೆ ವಕೀಲ ಯಾಕೆ, ಜಾಮೀನು ಯಾಕೆ, ಪೋಸ್ಟ್‌ಮಾರ್ಟಂ ಯಾಕೆ? ಭಾರತ ಈ ಒಪ್ಪಂದಕ್ಕೆ 2007ರಲ್ಲಿ ಸಹಿ ಹಾಕಿತು. ಆದರೆ ಅದನ್ನು ಸ್ಥಿರೀಕರಿಸಲಿಲ್ಲ. ಬಲವಂತದ ನಾಪತ್ತೆ ಒಂದು ಪ್ರತ್ಯೇಕ ಅಪರಾಧ ಅಂತ ಹೇಳುವ ಕಾನೂನೂ ನಮ್ಮಲ್ಲಿಲ್ಲ.

ಕೊಲೆಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಗಸ್ಟ್ 30 ಕಾಣೆಯಾದವರ ಅಂತರರಾಷ್ಟ್ರೀಯ ದಿನ. ನಮಗೆ ಕನ್ನಡಿಗರಿಗೆ ಆ ತಾರೀಕು ಬೇರೆ ಕಾರಣಕ್ಕೆ ನೆನಪಿದೆ. 2015ರ ಆಗಸ್ಟ್ 30ರಂದು ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಆ ಸಾವು ಘೋರ. ಆದರೂ ಅದು ಸಾವು ಅಂತ ನಮಗೆ ಗೊತ್ತು. ಜನ ಸೇರಿದರು, ಅತ್ತರು, ಸಿಟ್ಟಾದರು. ಒಂದು ತಾರೀಕು ಇದೆ, ಒಂದು ಜಾಗ ಇದೆ, ಕೇಸು ನಡೆಯಿತು. ಕಾಣೆಯಾದವನ ಮನೆಯವರಿಗೆ ಇದ್ಯಾವುದೂ ಇಲ್ಲ. ಅವರು ಯಾವ ದಿನ ಅಳಬೇಕು?

ಇದನ್ನು ಲೆಕ್ಕ ಹಾಕಿಯೇ ಮಾಡುತ್ತಾರೆ. 1941ರ ಡಿಸೆಂಬರ್ 7ರಂದು ಹಿಟ್ಲರನ ಜರ್ಮನಿ ಒಂದು ಆದೇಶ ಹೊರಡಿಸಿತು. ಅದರ ಹೆಸರು 'ರಾತ್ರಿ ಮತ್ತು ಮಂಜು'. ತಾನು ಗೆದ್ದ ದೇಶಗಳಲ್ಲಿ ಎದುರು ನಿಂತವರನ್ನು ಗುಟ್ಟಾಗಿ ಜರ್ಮನಿಗೆ ಸಾಗಿಸುವುದು, ಮನೆಯವರಿಗೆ ಒಂದಕ್ಷರವೂ ತಿಳಿಸದಿರುವುದು. ಗಲ್ಲಿಗೇರಿಸಿದರೆ ಸತ್ತವನು ಹುತಾತ್ಮನಾಗುತ್ತಾನೆ. ಏನಾಯಿತು ಅಂತ ಗೊತ್ತಾಗದಿದ್ದರೆ ಊರಿಗೆ ಊರೇ ಹೆದರಿ ಬಾಯಿ ಮುಚ್ಚುತ್ತದೆ. ಮೂವತ್ತೈದು ವರ್ಷದ ಮೇಲೆ ಅರ್ಜೆಂಟೀನಾದಲ್ಲಿ ಇದೇ ಲೆಕ್ಕ ಇನ್ನೂ ದೊಡ್ಡದಾಗಿ ನಡೆಯಿತು. 1976ರ ಮಾರ್ಚ್ 24ರಂದು ಅಲ್ಲಿ ಸೇನೆ ಅಧಿಕಾರ ಹಿಡಿಯಿತು. 1983ರವರೆಗೂ ಆಳಿತು. ವಿದ್ಯಾರ್ಥಿಗಳು, ಕಾರ್ಮಿಕ ಮುಖಂಡರು, ಪತ್ರಕರ್ತರು, ಬಸುರಿ ಹೆಂಗಸರು, ಯಾರನ್ನೂ ಬಿಡಲಿಲ್ಲ. ಎಷ್ಟೋ ಜನರಿಗೆ ಮತ್ತು ಬರುವ ಮದ್ದು ಕೊಟ್ಟು ವಿಮಾನದಿಂದ ನೀರಿಗೆ ಎಸೆದರು. ನಂತರ ಬಂದ ಸರ್ಕಾರದ ಆಯೋಗ 1984ರಲ್ಲಿ 8,961 ಹೆಸರುಗಳನ್ನು ದಾಖಲಿಸಿತು. ಮಾನವ ಹಕ್ಕುಗಳ ಸಂಘಟನೆಗಳು 30,000 ಅನ್ನುತ್ತವೆ. 1979ರಲ್ಲಿ ಸೇನಾಡಳಿತದ ಮುಖ್ಯಸ್ಥ ವಿಡೆಲಾನನ್ನು ಪತ್ರಕರ್ತರು ಇವರ ಬಗ್ಗೆ ಕೇಳಿದರು. ಕಾಣೆಯಾದವನು ಇಲ್ಲ, ಸತ್ತೂ ಇಲ್ಲ, ಬದುಕಿಯೂ ಇಲ್ಲ, ಕಾಣೆಯಾಗಿದ್ದಾನೆ ಅಷ್ಟೇ ಅನ್ನುವ ಅರ್ಥದ ಉತ್ತರ ಕೊಟ್ಟ. ಒಂದು ದೇಶವನ್ನು ಆಳುವವನು ಕ್ಯಾಮೆರಾ ಮುಂದೆ ಕೂತು ಆಡಿದ ಮಾತು ಇದು.

ಇದು ದೂರದ ಕಥೆ ಅಂತ ಅನ್ನಿಸಬಾರದು. ನಮ್ಮಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಅಂತ ಕೇಳಿರುತ್ತೀರಿ. ಹಿಡಿದವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಹಕ್ಕು ಅದು. ಕಾಣೆ ಮಾಡುವವರ ಕೈ ತಡೆಯುವ ಕಾನೂನು ಅಂದರೆ ಮುಖ್ಯವಾಗಿ ಇದೇ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲ್ 28ರಂದು, ಸುಪ್ರೀಂ ಕೋರ್ಟ್ ಆ ಬಾಗಿಲನ್ನೇ ಮುಚ್ಚಿತು. ಐವರು ನ್ಯಾಯಾಧೀಶರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿ ಅದನ್ನು ತಳ್ಳಿಹಾಕಲು 2017ರವರೆಗೆ ಕಾಯಬೇಕಾಯಿತು. 2017ರ ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಹೋಗಿದ್ದು ಆಧಾರ್ ವಿಚಾರಕ್ಕೆ. ಬಂದ ತೀರ್ಪು ಈ ಹಳೆಯ ಗಾಯವನ್ನೂ ಮುಟ್ಟಿತು.

ಅದೇ ತುರ್ತು ಪರಿಸ್ಥಿತಿಯಲ್ಲಿ, ಆ ತೀರ್ಪಿಗೆ ಸ್ವಲ್ಪ ಮೊದಲು, 1976ರ ಮಾರ್ಚ್ 1ರಂದು, ಕಲ್ಲಿಕೋಟೆಯ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಹಿಡಿದುಕೊಂಡು ಹೋದರು. ಅವನ ತಂದೆ ಟಿ.ವಿ. ಈಚರ ವಾರಿಯರ್ ಹಿಂದಿ ಮೇಷ್ಟ್ರು. ಠಾಣೆಯಿಂದ ಠಾಣೆಗೆ, ಮಂತ್ರಿಯಿಂದ ಮಂತ್ರಿಗೆ ಅಲೆದರು. ತುರ್ತು ಪರಿಸ್ಥಿತಿ ಮುಗಿದ ಕೂಡಲೇ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. 1977ರಲ್ಲಿ ಕೇರಳದ ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು. ಮಗನ ದೇಹ ಮಾತ್ರ ಸಿಗಲೇ ಇಲ್ಲ. 2006ರಲ್ಲಿ ತಂದೆಯೂ ತೀರಿಕೊಂಡರು. ಆ ಮನೆಯಲ್ಲಿ ಅವರು ಹೆಂಡತಿಗೆ ಹೇಳುತ್ತಿದ್ದ ಮಾತನ್ನು ಬರೆದಿಟ್ಟಿದ್ದಾರೆ. ಮಗ ಯಾವಾಗ ಬೇಕಾದರೂ ಹಸಿದು ಬರಬಹುದು. ಅವನಿಗೆ ಅನ್ನ ತೆಗೆದಿಡು, ಎಲೆ ಇಡು, ಮುಂಬಾಗಿಲಿಗೆ ಚಿಲಕ ಹಾಕಬೇಡ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ.

ಇನ್ನು ಚಿಂತಕರ ಮಾತು. ಅದು ಗ್ರೀಕ್ ನಾಟಕದ ಆಂಟಿಗೊನಿಯಿಂದ ಶುರುವಾಗುತ್ತದೆ. ಸುಮಾರು 2,400 ವರ್ಷ ಹಿಂದೆ ಸೊಫೊಕ್ಲಿಸ್ ಬರೆದದ್ದು. ರಾಜ್ಯದ ಮೇಲೆ ದಂಡೆತ್ತಿ ಬಂದ ಅಣ್ಣನ ಹೆಣವನ್ನು ಯಾರೂ ಮಣ್ಣು ಮಾಡಬಾರದು ಅಂತ ರಾಜ ಆಜ್ಞೆ ಮಾಡುತ್ತಾನೆ. ಆಂಟಿಗೊನಿ ಹೋಗಿ ಮಣ್ಣು ಹಾಕುತ್ತಾಳೆ. ಅದಕ್ಕೆ ಪ್ರಾಣ ಕೊಡುತ್ತಾಳೆ. ನಮ್ಮಲ್ಲೂ ಸತ್ತವರ ಮನೆಗೆ ದೂರದಿಂದ ಓಡಿ ಬರುವವರು ಒಂದು ಹಿಡಿ ಮಣ್ಣು ಹಾಕೋಕಾದರೂ ಸಿಕ್ಕೀತೇ ಅಂತ ಹಂಬಲಿಸುತ್ತಾರೆ ಅಲ್ವಾ? ರಾಜಕಾರಣ ಏನೇ ಇರಲಿ, ಸತ್ತವನಿಗೆ ಸಲ್ಲಬೇಕಾದ್ದು ಸಲ್ಲಬೇಕು ಅನ್ನುವುದು ಆ ನಾಟಕದ ಜೀವ. ಆದರೆ ಆಂಟಿಗೊನಿಗೆ ಹೆಣವಾದರೂ ಇತ್ತು. ಅರ್ಜೆಂಟೀನಾದ ತಾಯಿಗೆ ಅದೂ ಇರಲಿಲ್ಲ.

ಈ ಸ್ಥಿತಿಗೆ ಅಮೆರಿಕದ ಪೌಲೀನ್ ಬಾಸ್ ಅನ್ನುವ ಸಂಶೋಧಕಿ ಒಂದು ಹೆಸರು ಕೊಟ್ಟರು. ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಹೆಂಡತಿಯರ ಜೊತೆ ಮಾತಾಡುತ್ತಾ 1970ರ ದಶಕದಲ್ಲಿ ಕಂಡುಕೊಂಡದ್ದು. ಕನ್ನಡದಲ್ಲಿ ಅದನ್ನು ನಾನು 'ತೀರ್ಮಾನವಿಲ್ಲದ ಅಗಲಿಕೆ' ಅನ್ನುತ್ತೇನೆ. ಸಾವಿನ ದುಃಖಕ್ಕೆ ಒಂದು ದಾರಿ ಇದೆ. ಮೂರನೇ ದಿನ, ಹನ್ನೊಂದನೇ ದಿನ, ವರ್ಷದ ತಿಥಿ. ಪ್ರತಿಯೊಂದೂ ದುಃಖವನ್ನು ಒಂದೊಂದು ಮೆಟ್ಟಿಲು ಇಳಿಸುತ್ತದೆ. ತೀರ್ಮಾನವಿಲ್ಲದ ಅಗಲಿಕೆಯಲ್ಲಿ ಮೆಟ್ಟಿಲೇ ಇಲ್ಲ. ಇಂಥ ಮನೆಯವರನ್ನು 'ಇನ್ನೂ ಮರೆತಿಲ್ಲ, ಮನಸ್ಸು ಸರಿಯಿಲ್ಲ' ಅಂತ ಜನ ಆಡಿಕೊಳ್ಳುತ್ತಾರೆ. ಬಾಸ್ ಹೇಳುವುದು, ಕೆಟ್ಟಿರುವುದು ಇವರ ಮನಸ್ಸಲ್ಲ, ಇವರು ಸಿಕ್ಕಿಬಿದ್ದಿರುವ ಪರಿಸ್ಥಿತಿ. ನಮ್ಮ ಅಜ್ಜಿಯನ್ನು ನೋಡಿದ ನನಗೆ ಇದು ಪುಸ್ತಕದ ಮಾತು ಅನ್ನಿಸುವುದಿಲ್ಲ.

ಹಾನ್ನಾ ಅರೆಂಟ್ ಇನ್ನೊಂದು ಕಡೆಯಿಂದ ನೋಡಿದರು. ನಾಜಿಗಳಿಂದ ತಪ್ಪಿಸಿಕೊಂಡು ಹೋದ ಯಹೂದಿ ಚಿಂತಕಿ. ಕೊಲ್ಲುವುದು ಹಳೆಯ ಪಾಪ. ಆದರೆ ಯಾತನಾ ಶಿಬಿರಗಳು ಸಾವನ್ನೂ ಕಿತ್ತುಕೊಂಡವು ಅಂತ ಅವರು 1951ರಲ್ಲಿ ಬರೆದರು. ಅಲ್ಲಿ ಸತ್ತವನಿಗೆ ಹೆಸರಿಲ್ಲ, ಗೋರಿಯಿಲ್ಲ, ಅವನು ಹುಟ್ಟಿಯೇ ಇರಲಿಲ್ಲವೇನೋ ಅನ್ನುವ ಹಾಗೆ ಅಳಿಸಿಬಿಡುತ್ತಾರೆ. ಇಂಥ ಜಾಗಗಳನ್ನು ಅವರು ಮರೆವಿನ ಗುಂಡಿಗಳು ಅಂತ ಕರೆದರು. ಆಶ್ಚರ್ಯ ಅಂದರೆ ಹನ್ನೆರಡು ವರ್ಷದ ನಂತರ, 1963ರಲ್ಲಿ, ನಾಜಿ ಅಧಿಕಾರಿ ಐಖ್ಮನ್ ವಿಚಾರಣೆಯ ಬಗ್ಗೆ ಬರೆಯುವಾಗ ಅವರು ತಮ್ಮ ಮಾತನ್ನು ತಾವೇ ತಿದ್ದಿದರು. ಮರೆವಿನ ಗುಂಡಿಗಳು ನಿಜಕ್ಕೂ ಇಲ್ಲ. ಜಗತ್ತಿನಲ್ಲಿ ಜನ ಜಾಸ್ತಿ ಇದ್ದಾರೆ, ಕಥೆ ಹೇಳಲು ಯಾರಾದರೂ ಒಬ್ಬರು ಉಳಿದೇ ಉಳಿಯುತ್ತಾರೆ ಅಂದರು. ಯಹೂದಿಗಳಿಗೆ ಸಹಾಯ ಮಾಡಿ ಪ್ರಾಣ ಕಳೆದುಕೊಂಡ ಆಂಟನ್ ಶ್ಮಿಡ್ ಅನ್ನುವ ಸೈನಿಕನ ಹೆಸರು ಆ ಕೋರ್ಟಿನಲ್ಲಿ ಕೇಳಿಬಂದ ಕ್ಷಣವನ್ನು ನೆನೆದು ಅವರು ಇದನ್ನು ಬರೆದರು. ನನಗೆ ಈ ತಿದ್ದುಪಡಿ ತುಂಬಾ ದೊಡ್ಡದು. ಅರೆಂಟ್ ಇದನ್ನು ಆಸೆಯ ಮಾತಾಗಿ ಹೇಳಲಿಲ್ಲ, ನಡೆದದ್ದನ್ನು ನೋಡಿ ಹೇಳಿದರು. ಆದರೆ ಉಳಿದ ಆ ಒಬ್ಬರ ಮಾತು ನಿಲ್ಲಲು ಒಂದು ಜಾಗ ಬೇಕಲ್ಲ?

ಅಮೆರಿಕದ ಚಿಂತಕರಾದ ಜುಡಿತ್ ಬಟ್ಲರ್ ಅವರ ಪ್ರಶ್ನೆ ಚಿಕ್ಕದು, ಚೂಪಾದದ್ದು. ಯಾರ ಸಾವಿಗೆ ನಾವು ಅಳುತ್ತೇವೆ? ದಾವಣಗೆರೆಯ ಸರ್ಕಲ್‌ಗಳಲ್ಲಿ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸ್ ನೋಡಿ. ಯಾರ ಮುಖ ಅಲ್ಲಿ ಬರುತ್ತದೆ, ಯಾರದ್ದು ಬರುವುದೇ ಇಲ್ಲ ಅಂತ ಯೋಚಿಸಿ. ಅಳಲು ಯೋಗ್ಯ ಅಂತ ಸಮಾಜ ಒಪ್ಪದ ಜೀವವನ್ನು ಕಾಣೆ ಮಾಡುವುದು ಸುಲಭ.

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಊರ ಮುಂದೆ, ಹೊಲದ ಬದುವಿನಲ್ಲಿ, ಹನುಮಪ್ಪನ ಗುಡಿ ಪಕ್ಕ. ಕೆಳಗಿನ ಸಾಲಿನಲ್ಲಿ ಕಾದಾಟ, ಅದರ ಮೇಲೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುವುದು, ತುದಿಯಲ್ಲಿ ಲಿಂಗದ ಮುಂದೆ ಕೂತಿರುವುದು. ದನ ಕಾಯುವಾಗ ಸತ್ತ ಸಾಮಾನ್ಯನಿಗೂ ಕಲ್ಲು ಸಿಕ್ಕಿದೆ. ಕೋಟೆಗೆ ಬಂದವರೆಲ್ಲ ಓಬವ್ವನ ಕಿಂಡಿ ನೋಡದೆ ಹೋಗುವುದಿಲ್ಲ. ಅಂದರೆ ನೆನಪಿಗೆ ನಾವು ಮೊದಲಿಂದಲೂ ಒಂದು ಜಾಗ ಕೊಡುತ್ತಾ ಬಂದಿದ್ದೇವೆ. ಕಾಣೆಯಾದವನಿಗೆ ಯಾವ ಕಲ್ಲು ಕೆತ್ತುವುದು? ಕೆಳಗಿನ ಸಾಲಿನಲ್ಲಿ ಏನು ನಡೆಯಿತು ಅಂತಲೇ ಗೊತ್ತಿಲ್ಲ. ಮೇಲಿನ ಸಾಲಿಗೆ ಅವನು ಹೋದನೋ ಇಲ್ಲವೋ ಗೊತ್ತಿಲ್ಲ.

ಇಲ್ಲಿ ನಮ್ಮ ಭಾಷೆಯೇ ನನಗೆ ದಾರಿ ತೋರಿಸಿತು. 'ಎಡೆ' ಅಂದರೆ ಸತ್ತವರಿಗೆ ಇಡುವ ಊಟ. 'ಎಡೆ' ಅಂದರೆ ಜಾಗ ಅಂತಲೂ ಅರ್ಥ. ಸತ್ತ ಅಂತ ಒಪ್ಪದೆಯೂ ಒಬ್ಬನಿಗೆ ಎಡೆ ಮಾಡಿಕೊಡಬಹುದೇ? ನಾನು ಮುಂದೆ ಹೇಳುವ ಹೆಂಗಸರು, ಕಲಾವಿದರು ಮಾಡಿದ್ದೆಲ್ಲ ಇದೇ ಅಂತ ನನಗೆ ಕಾಣುತ್ತದೆ. ಅವರು ಖಾಲಿ ಜಾಗವನ್ನು ತುಂಬಿಸಲಿಲ್ಲ. ಅದು ಯಾರದು ಅಂತ ಗೊತ್ತಾಗುವ ಹಾಗೆ ಕಾದರು.

1983ರ ಸೆಪ್ಟೆಂಬರ್ 21. ಬ್ಯೂನಸ್ ಐರಿಸ್ ನಗರದ ಮೇ ಚೌಕ. ಅರ್ಜೆಂಟೀನಾದಲ್ಲಿ ಇನ್ನೂ ಸೇನೆಯೇ ಆಳುತ್ತಿತ್ತು. ಅಗೆರ್ರೆಬೆರ್ರಿ, ಫ್ಲೋರೆಸ್, ಕೆಕ್ಸೆಲ್ ಅನ್ನುವ ಮೂವರು ಕಲಾವಿದರು ಕಾಣೆಯಾದವರ ತಾಯಂದಿರ ಬಳಿ ಒಂದು ಯೋಚನೆ ತಂದಿದ್ದರು. ಮೂವತ್ತು ಸಾವಿರ ಅನ್ನುವ ಸಂಖ್ಯೆ ಬಾಯಲ್ಲಿ ಹೇಳುವುದು ಸುಲಭ. ಅಷ್ಟು ಮೈಗಳು ಎಷ್ಟು ಜಾಗ ಹಿಡಿಯುತ್ತವೆ ಅಂತ ತೋರಿಸಿದರೆ? ಚೌಕದಲ್ಲಿ ಕಾಗದದ ಸುರುಳಿ ಬಿಚ್ಚಿದರು. ಬಂದ ಜನ ಅದರ ಮೇಲೆ ಮಲಗಿದರು, ಸುತ್ತ ಗೆರೆ ಎಳೆದರು. ಆಳೆತ್ತರದ ಖಾಲಿ ಆಕೃತಿಗಳು. ಬಸುರಿಯರದ್ದೂ ಇತ್ತು, ಮಕ್ಕಳದ್ದೂ ಇತ್ತು. ತಾಯಂದಿರು ಒಂದು ಮಾತು ಹೇಳಿದ್ದರು. ಆಕೃತಿಗಳನ್ನು ನೆಲದ ಮೇಲೆ ಮಲಗಿಸಬೇಡಿ, ಗೋಡೆಗೆ ನೇರವಾಗಿ ನಿಲ್ಲಿಸಿ. ಮಲಗಿಸಿದರೆ ಹೆಣ. ನಿಲ್ಲಿಸಿದರೆ ಮನುಷ್ಯ. ರಾತ್ರಿ ಕಳೆದು ಬೆಳಗಾಗುವಾಗ ನಗರದ ಗೋಡೆಗಳ ಮೇಲೆ, ಮರಗಳ ಮೇಲೆ ಅವರು ನಿಂತಿದ್ದರು.

ನಮಗೆ ಇದು ಪೂರ್ತಿ ಹೊಸದಲ್ಲ. ನಮ್ಮ ಕಡೆಯ ತೊಗಲು ಗೊಂಬೆಯಾಟದಲ್ಲಿ ಪರದೆಯ ಹಿಂದೆ ದೀಪ ಇರುತ್ತದೆ, ಗೊಂಬೆ ಇರುತ್ತದೆ, ಈ ಕಡೆ ನೆರಳು ಬೀಳುತ್ತದೆ. ಹಿಂದೆ ಒಂದು ಜೀವ ಇದೆ ಅಂತ ನೆರಳು ಹೇಳುತ್ತದೆ. ಬ್ಯೂನಸ್ ಐರಿಸ್‌ನಲ್ಲಿ ಗೊಂಬೆಯನ್ನೇ ಕದ್ದಿದ್ದರು. ಜನ ತಮ್ಮ ಮೈಯನ್ನೇ ಸಾಲ ಕೊಟ್ಟು ನೆರಳನ್ನು ವಾಪಸ್ ತಂದರು. ಎರಡು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಈ ಕಥೆ ಹೇಳಿ, ಹಳೆ ನ್ಯೂಸ್‌ಪೇಪರ್ ಅಂಟಿಸಿ, ಒಬ್ಬರ ಸುತ್ತ ಒಬ್ಬರು ಗೆರೆ ಎಳೆಯಲು ಹೇಳಿದೆ. ಕಪ್ಪು ಬಣ್ಣ ತುಂಬಿ ವರಾಂಡದ ಗೋಡೆಗೆ ಅಂಟಿಸಿದೆವು. ಮಾರನೇ ದಿನ ಕಸ ಗುಡಿಸುವ ಆಯಮ್ಮ ನನ್ನ ಹತ್ತಿರ ಬಂದರು. "ಸಂಜೆ ಹೊತ್ನಾಗೆ ಯಾರೋ ನಿಂತಂಗೆ ಕಾಣ್ತೈತಲ್ಲ ಮೇಷ್ಟ್ರೇ" ಅಂದರು. ಇಡೀ ಕಲಾ ಚರಿತ್ರೆಯ ಪುಸ್ತಕ ನನಗೆ ಕಲಿಸದೇ ಇದ್ದದ್ದನ್ನು ಆ ಒಂದು ಮಾತು ಕಲಿಸಿತು. ಯಾರೋ ನಿಂತಿದ್ದಾರೆ. ಯಾರು ಅಂತ ಗೊತ್ತಿಲ್ಲ. ಆದರೆ ಇಲ್ಲ ಅನ್ನುವ ಹಾಗಿಲ್ಲ.

ಆ ತಾಯಂದಿರ ಬಗ್ಗೆ ಹೇಳದಿದ್ದರೆ ಇದು ಅರ್ಧವಾಗುತ್ತದೆ. 1977ರ ಏಪ್ರಿಲ್ 30ರಂದು ಹದಿನಾಲ್ಕು ಹೆಂಗಸರು ಅದೇ ಚೌಕಕ್ಕೆ ಬಂದು ನಿಂತರು. ಗುಂಪು ಕೂಡಿ ನಿಲ್ಲುವ ಹಾಗಿಲ್ಲ, ನಡೀರಿ ಅಂತ ಪೊಲೀಸರು ಗದರಿದರು. ಅವರು ಇಬ್ಬಿಬ್ಬರಾಗಿ ತೋಳು ಹಿಡಿದು ಚೌಕದ ಸುತ್ತ ನಡೆಯಲು ಶುರು ಮಾಡಿದರು. ಆ ನಡಿಗೆ ಗುರುವಾರದ ನಡಿಗೆಯಾಗಿ ನಿಂತುಬಿಟ್ಟಿತು. ಸ್ಥಾವರ, ಜಂಗಮ ಅನ್ನುವ ಮಾತನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಿಂತ ಸ್ಮಾರಕವನ್ನು ಒಡೆಯಬಹುದು, ನಡೆಯುವ ಸ್ಮಾರಕವನ್ನು ಏನು ಮಾಡುತ್ತಾರೆ? ಅದೇ ವರ್ಷ ಒಂದು ಯಾತ್ರೆಯ ಜನಜಂಗುಳಿಯಲ್ಲಿ ಒಬ್ಬರನ್ನೊಬ್ಬರು ಗುರುತು ಹಿಡಿಯಲು ಅವರು ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡರು. ಮಕ್ಕಳಿಗೆ ಕಟ್ಟುವ ಲಂಗೋಟಿಯ ಬಟ್ಟೆ ಅದು. ಕಲೆ ಮಾಡಬೇಕು ಅಂತ ಅವರು ಹೊರಟಿರಲಿಲ್ಲ. ಆದರೆ ಅಷ್ಟು ಸರಿಯಾದ ವಸ್ತುವನ್ನು ಯಾವ ಕಲಾವಿದನೂ ಹುಡುಕಲಾರ. ಅವರನ್ನು ಮೊದಲು ಒಟ್ಟುಗೂಡಿಸಿದ ಅಸುಸೆನಾ ವಿಲ್ಲಾಫ್ಲೋರ್ ಅವರನ್ನೂ ಅದೇ ಡಿಸೆಂಬರ್‌ನಲ್ಲಿ ಎತ್ತಿ ಹಾಕಿಕೊಂಡು ಹೋದರು.

ಪಕ್ಕದ ಚಿಲಿ ದೇಶದಲ್ಲಿ 1973ರ ಸೆಪ್ಟೆಂಬರ್ 11ರಂದು ಸೇನಾಪತಿ ಪಿನೊಚೆ ಅಧಿಕಾರ ಕಿತ್ತುಕೊಂಡ. ಅಲ್ಲಿ 3,000ಕ್ಕೂ ಜಾಸ್ತಿ ಜನ ಕೊಲೆಯಾದರು ಅಥವಾ ಕಾಣೆಯಾದರು. ಅಲ್ಲಿನ ಹೆಂಗಸರು ಗೋಣಿತಟ್ಟಿನ ಮೇಲೆ ಬಟ್ಟೆಯ ಚೂರುಗಳನ್ನು ಹೊಲಿದು ಚಿತ್ರ ಮಾಡಿದರು. ನಮ್ಮ ಅಜ್ಜಿಯರು ಹಳೆ ಸೀರೆಯಲ್ಲಿ ಕೌದಿ ಹೊಲಿಯುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆಯೇ. ಮೇಲೆ ಬೆಟ್ಟ, ಸೂರ್ಯ. ಕೆಳಗೆ ಮನೆ, ಬಾಗಿಲು, ಪೊಲೀಸ್ ವ್ಯಾನು, 'ಅವರು ಎಲ್ಲಿ?' ಅನ್ನುವ ಫಲಕ. ಕಾಣೆಯಾದವರ ಅಂಗಿಯ ಚೂರನ್ನೇ ಕೆಲವರು ಹೊಲಿದರು. ಹೆಂಗಸರ ಹೊಲಿಗೆ ಕೆಲಸ ಅಂತ ಮೊದಮೊದಲು ಸೇನೆ ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಚರ್ಚಿನ ಒಂದು ಸಂಸ್ಥೆ ಅವನ್ನು ಕೊಂಡು ಹೊರದೇಶಕ್ಕೆ ಕಳಿಸಿತು. ಹೀಗೆ ಪತ್ರಿಕೆಗಳು ಬರೆಯಲಾಗದ್ದು ಗೋಣಿತಟ್ಟಿನ ಮೇಲೆ ಹೊರಗೆ ಹೋಯಿತು. ಅಲ್ಲಿ ಕುವೆಕಾ ಅಂತ ಗಂಡು ಹೆಣ್ಣು ಜೋಡಿಯಾಗಿ ಕರವಸ್ತ್ರ ಬೀಸುತ್ತಾ ಕುಣಿಯುವ ಕುಣಿತ ಇದೆ. 1978ರಲ್ಲಿ ಕಾಣೆಯಾದವರ ಮನೆಯ ಹೆಂಗಸರು ಅದನ್ನು ಒಬ್ಬೊಬ್ಬರೇ ಕುಣಿದರು. ಎದುರಿನ ಜಾಗ ಖಾಲಿ.

ಕೊಲಂಬಿಯಾದ ಡೋರಿಸ್ ಸಾಲ್ಸೆಡೊ ನನ್ನ ಮೆಚ್ಚಿನ ಕಲಾವಿದೆ. 1958ರಲ್ಲಿ ಹುಟ್ಟಿದವರು. ಏನನ್ನಾದರೂ ಮಾಡುವ ಮೊದಲು ಕಾಣೆಯಾದವರ ಮನೆಗಳಿಗೆ ಹೋಗಿ ಕೂರುತ್ತಾರೆ, ಕೇಳಿಸಿಕೊಳ್ಳುತ್ತಾರೆ. 1990ರ ದಶಕದ ಒಂದು ಕೃತಿಯಲ್ಲಿ ಅವರು ಗೋಡೆಯಲ್ಲಿ ಸಣ್ಣ ಗೂಡುಗಳನ್ನು ಮಾಡಿ, ಮನೆಯವರು ಕೊಟ್ಟ ಚಪ್ಪಲಿ, ಬೂಟುಗಳನ್ನು ಇಟ್ಟರು. ಹೂತ ಹೆಣಗಳನ್ನು ಎಷ್ಟೋ ಸಲ ಗುರುತಿಸುವುದೇ ಕಾಲಿನ ಚಪ್ಪಲಿಯಿಂದ. ಗೂಡಿನ ಬಾಯಿಗೆ ಪ್ರಾಣಿಯ ತೆಳು ತೊಗಲನ್ನು ಎಳೆದು, ಆಪರೇಷನ್ ದಾರದಲ್ಲಿ ಹೊಲಿದರು. ಒಳಗಿನದು ಮಸುಕು ಮಸುಕಾಗಿ ಕಾಣುತ್ತದೆ. ಹತ್ತಿರ ಹೋದರೂ ಸ್ಪಷ್ಟವಾಗುವುದಿಲ್ಲ. ಮತ್ತೆ ತೊಗಲು, ಮತ್ತೆ ಮಸುಕು ಆಕೃತಿ. ನಮ್ಮ ಮನೆಗಳಲ್ಲಿ ದೀಪದ ಗೂಡು ಇರುವ ಗೋಡೆ ನೋಡಿ ಬೆಳೆದವನಿಗೆ ಆ ಫೋಟೋ ನೋಡುವಾಗ ಎದೆ ಭಾರವಾಗುತ್ತದೆ.

ಅವರದೇ ಇನ್ನೊಂದು ಕೆಲಸ. 1985ರ ನವೆಂಬರ್ 6 ಮತ್ತು 7ರಂದು ಬೊಗೊಟಾದ ನ್ಯಾಯ ಭವನವನ್ನು ಗೆರಿಲ್ಲಾಗಳು ವಶಪಡಿಸಿಕೊಂಡರು, ಸೇನೆ ನುಗ್ಗಿತು. ನ್ಯಾಯಾಧೀಶರೂ ಸೇರಿ ಸುಮಾರು ನೂರು ಜನ ಸತ್ತರು. ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದವರೂ ಸೇರಿ ಹಲವರು ಕಾಣೆಯಾದರು. ಹದಿನೇಳು ವರ್ಷದ ನಂತರ, 2002ರ ಅದೇ ದಿನಗಳಲ್ಲಿ, ಸಾಲ್ಸೆಡೊ ಆ ಭವನದ ಹೊಸ ಕಟ್ಟಡದ ಮೇಲಿಂದ 280 ಖಾಲಿ ಕುರ್ಚಿಗಳನ್ನು ನಿಧಾನವಾಗಿ ಗೋಡೆಗುಂಟ ಇಳಿಬಿಟ್ಟರು. 53 ಗಂಟೆ ಹಿಡಿಯಿತು. ಭಾಷಣ ಇಲ್ಲ, ಫಲಕ ಇಲ್ಲ. ಆಫೀಸಿಗೆ ಹೋಗುವವರು ತಲೆಯೆತ್ತಿ ನೋಡಿದರು. ಹಿಂಸೆಯನ್ನು ತೋರಿಸಲು ಅವರು ಒಂದು ಹನಿ ರಕ್ತವನ್ನೂ ಬಳಸುವುದಿಲ್ಲ. ಇದರಲ್ಲಿ ನನ್ನ ಒಪ್ಪಿಗೆ ಪೂರ್ತಿ ಅವರ ಕಡೆ. ರಕ್ತ ತೋರಿಸಿದರೆ ನೋಡುವವರ ಕಣ್ಣು ಕೊಂದವನ ಕೈಯ ಮೇಲೆ ಹೋಗುತ್ತದೆ. ಖಾಲಿ ಕುರ್ಚಿ ನೋಡಿದರೆ ಅದರಲ್ಲಿ ಕೂರಬೇಕಾಗಿದ್ದವನ ಮೇಲೆ ಹೋಗುತ್ತದೆ.

ಇಷ್ಟು ನೋವನ್ನು ಕಲೆ ಮಾಡುವುದು ಸರಿಯೇ ಅನ್ನುವ ಪ್ರಶ್ನೆ ನನ್ನ ವಿದ್ಯಾರ್ಥಿಗಳೂ ಕೇಳಿದ್ದಾರೆ. ಜರ್ಮನಿಯ ಚಿಂತಕ ಅಡೊರ್ನೊ, ನಾಜಿಗಳ ಆಶ್‌ವಿಟ್ಜ್ ಯಾತನಾ ಶಿಬಿರ ಆದ ಮೇಲೆ ಕವಿತೆ ಬರೆಯುವುದು ಅನಾಗರಿಕತೆ ಅಂದಿದ್ದರು. 1966ರಲ್ಲಿ ಅವರೇ ಆ ಮಾತನ್ನು ಸಡಿಲಿಸಿದರು. ಚಿತ್ರಹಿಂಸೆಗೆ ಸಿಕ್ಕವನಿಗೆ ಕಿರುಚುವ ಹಕ್ಕು ಇರುವಂತೆ ನೋವಿಗೂ ಹೇಳಿಕೊಳ್ಳುವ ಹಕ್ಕಿದೆ ಅಂದರು. ಅಷ್ಟು ಸಾಕು ಅನ್ನಿಸುತ್ತದೆ ನನಗೆ.

ಇದಕ್ಕಿಂತ ಕಷ್ಟದ ಪ್ರಶ್ನೆ ತಾಯಂದಿರ ನಡುವೆಯೇ ಎದ್ದಿತು. ಸೇನಾಡಳಿತ ಹೋದ ಮೇಲೆ ಗೋರಿಗಳನ್ನು ಅಗೆದು ಮೂಳೆ ಗುರುತಿಸುವ ಕೆಲಸ ಶುರುವಾಯಿತು. 1984ರಲ್ಲಿ ಅದಕ್ಕೊಂದು ತಂಡ ಹುಟ್ಟಿತು. ಕೆಲವು ತಾಯಂದಿರು ಅದನ್ನು ಬಯಸಿದರು. ಇನ್ನು ಕೆಲವರು ಬೇಡವೇ ಬೇಡ ಅಂದರು. ಮೂಳೆಯ ಪೆಟ್ಟಿಗೆ ಬೇಡ, ಪರಿಹಾರದ ಹಣ ಬೇಡ, ಸ್ಮಾರಕ ಬೇಡ. ಜೀವಂತ ಒಯ್ದಿದ್ದೀರಿ, ಜೀವಂತ ತಂದುಕೊಡಿ. ಮೂಳೆ ತಗೊಂಡರೆ ಸರ್ಕಾರ ಲೆಕ್ಕ ಮುಗಿಯಿತು ಅನ್ನುತ್ತದೆ, ಯಾರು ಕೊಂದರು ಅಂತ ಹೇಳದೆಯೇ. ಇಂಥ ಭಿನ್ನಾಭಿಪ್ರಾಯಗಳಿಂದ 1986ರಲ್ಲಿ ಸಂಘಟನೆ ಎರಡಾಯಿತು. ನೋಡಿ, ಇದು ನಮ್ಮ ಓಣಿಯ ಅಜ್ಜಿಯ ಪ್ರಶ್ನೆಯೇ. ಎಡೆ ಇಡಬೇಕೋ, ಬೇಡವೋ. ಬಹಳ ದಿನ ನಾನು ಮೂಳೆ ಬೇಡ ಅಂದವರದ್ದು ಹಟ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಸತ್ತ ಅಂತ ಹೇಳುವ ಕೆಲಸವನ್ನು ಕೊಂದವರು ಮಾಡಬೇಕು, ತಾಯಿಯ ಬಾಯಿಂದ ಅದನ್ನು ಹೇಳಿಸಬಾರದು ಅನ್ನುವುದು ಅವರ ವಾದ. ಅದು ಸರಿ. ಮಗನ ಮೂಳೆಯನ್ನಾದರೂ ಮಣ್ಣು ಮಾಡಿ ಒಂದು ರಾತ್ರಿ ನಿದ್ದೆ ಮಾಡಬೇಕು ಅಂದ ತಾಯಿಯದ್ದೂ ಸರಿ. ಹೊರಗಿನವರು ತೀರ್ಪು ಕೊಡುವ ವಿಷಯ ಇದಲ್ಲ. ಅಸುಸೆನಾ ಅವರ ಮೂಳೆಗಳು 2005ರಲ್ಲಿ ಗುರುತಿಗೆ ಸಿಕ್ಕವು. ಅವರ ಬೂದಿಯನ್ನು ಅವರು ನಡೆದ ಅದೇ ಚೌಕದಲ್ಲಿ ಮಣ್ಣಿಗಿಟ್ಟರು. ಸೆರೆಯಲ್ಲಿ ಹುಟ್ಟಿ ಬೇರೆಯವರ ಪಾಲಾದ ಮಕ್ಕಳನ್ನು ಅಜ್ಜಿಯರು ರಕ್ತದ ಪರೀಕ್ಷೆಯಿಂದ ಹುಡುಕುತ್ತಲೇ ಇದ್ದಾರೆ. ಈವರೆಗೆ 130ಕ್ಕೂ ಜಾಸ್ತಿ ಮೊಮ್ಮಕ್ಕಳು ಸಿಕ್ಕಿದ್ದಾರೆ.

ನಮ್ಮ ದೇಶದಲ್ಲೂ ಕಾಯುವವರಿದ್ದಾರೆ. ಕಾಶ್ಮೀರದಲ್ಲಿ ಪರ್ವೀನಾ ಆಹಂಗರ್ ಅವರ ಮಗನನ್ನು 1990ರಲ್ಲಿ ಒಯ್ದರು. 1994ರಲ್ಲಿ ಅವರು ಇಂಥ ತಂದೆತಾಯಿಯರ ಸಂಘ ಕಟ್ಟಿದರು. ವರ್ಷಗಟ್ಟಲೆ, ತಿಂಗಳಿಗೊಮ್ಮೆ, ಶ್ರೀನಗರದ ಪಾರ್ಕಿನಲ್ಲಿ ಫೋಟೋ ಹಿಡಿದು ಕೂತರು. ಕಾಣೆಯಾದವರು 8,000ಕ್ಕೂ ಹೆಚ್ಚು ಅನ್ನುತ್ತದೆ ಆ ಸಂಘ. ಸರ್ಕಾರದ ಲೆಕ್ಕ ಅದಕ್ಕಿಂತ ತುಂಬಾ ಕಡಿಮೆ. ಅಲ್ಲಿ 'ಅರ್ಧ ವಿಧವೆ' ಅನ್ನುವ ಮಾತೇ ಹುಟ್ಟಿಕೊಂಡಿದೆ. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತ ಅಂತ ಭಾವಿಸಬಹುದು ಅನ್ನುತ್ತದೆ ನಮ್ಮ ಸಾಕ್ಷ್ಯ ಕಾನೂನು. ಅಲ್ಲಿಯವರೆಗೆ ಹೊಲ ಯಾರ ಹೆಸರಿಗೆ, ಪಿಂಚಣಿ ಯಾರಿಗೆ, ಅವಳು ಯಾರು? ಪಂಜಾಬಿನಲ್ಲಿ ಜಸ್ವಂತ್ ಸಿಂಗ್ ಖಾಲ್ರಾ ಸ್ಮಶಾನಗಳ ಕಟ್ಟಿಗೆಯ ಲೆಕ್ಕ, ರಿಜಿಸ್ಟರ್ ಹುಡುಕಿ, ಪೊಲೀಸರು ಗುಟ್ಟಾಗಿ ಸುಟ್ಟ ಹೆಣಗಳ ವಿವರ ಹೊರಗೆ ತಂದರು. 1995ರ ಸೆಪ್ಟೆಂಬರ್‌ನಲ್ಲಿ ಅವರನ್ನೇ ಎತ್ತಿಕೊಂಡು ಹೋಗಿ ಕೊಂದರು. ಆದರೂ ಅಮೃತಸರ ಜಿಲ್ಲೆಯೊಂದರಲ್ಲೇ ಇಂಥ 2,097 ದಹನಗಳ ವಿಚಾರ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮುಂದೆ ಬಂತು. ಅರೆಂಟ್ ಹೇಳಿದ್ದು ಇಂಥವರ ಬಗ್ಗೆಯೇ.

ಕಳೆದ ವರ್ಷ ಹಿರಿಯರ ಹಬ್ಬಕ್ಕೆ ಅಜ್ಜಿ ನನ್ನನ್ನೂ ಊಟಕ್ಕೆ ಕರೆದಿದ್ದರು. ಒಳಗೆ ಗೋಡೆಗೆ ಒರಗಿಸಿದ ಫೋಟೋಗಳ ಮುಂದೆ ಎಡೆ ಇಟ್ಟಿದ್ದರು. ಅವರ ಅತ್ತೆ, ಮಾವ, ಗಂಡ. ಮೂರೇ ಎಲೆ. ನಡುಮನೆಯಲ್ಲಿ ನಮ್ಮ ಪಂಕ್ತಿ. ನಾವು ಐದು ಜನ ಕೂತೆವು. ಎಲೆ ಆರು ಹಾಸಿದ್ದರು. ನನ್ನ ಪಕ್ಕದ ಎಲೆಯ ಮುಂದೆ ಮಣೆ ಇತ್ತು, ನೀರಿನ ಲೋಟ ಇತ್ತು, ಯಾರೂ ಇರಲಿಲ್ಲ. ಅಜ್ಜಿ ಹೋಳಿಗೆ ಬಡಿಸುತ್ತಾ ಸಾಲಾಗಿ ಬಂದರು. ಆ ಎಲೆಗೂ ಎರಡು ಹಾಕಿ, ಮೇಲೆ ತುಪ್ಪ ಬಿಟ್ಟು, ಮುಂದೆ ಹೋದರು.